ಇವಾರ್ಟ್ ಗ್ರೋಗನ್: ಜಮೀನಿನ ಕಾಗದಗಳಲ್ಲಿ ಉಳಿದ ಬದುಕು

ನೈರೋಬಿಯ ಚರಿತ್ರೆಯಲ್ಲಿ ಇವಾರ್ಟ್ ಸ್ಕಾಟ್ ಗ್ರೋಗನ್‌ನ ಹೆಸರು ಎರಡು ಕಾರಣಗಳಿಗಾಗಿ ಉಳಿದಿದೆ. ಆಫ್ರಿಕಾ ಖಂಡವನ್ನು ದಕ್ಷಿಣದ ತುದಿಯಿಂದ ಉತ್ತರದ ತುದಿಯವರೆಗೆ ದಾಟಿದ ಮೊದಲಿಗನೆಂಬ ಕೀರ್ತಿ ಒಂದು. 1907ರಲ್ಲಿ ಇಲ್ಲಿನ ನ್ಯಾಯಾಲಯದ ಎದುರಿನಲ್ಲೇ ಮೂವರು ಕಿಕುಯು ರಿಕ್ಷಾ ಎಳೆಯುವವರಿಗೆ ಚಾವಟಿ ಬೀಸಿದನೆಂಬ ಅಪಕೀರ್ತಿ ಇನ್ನೊಂದು. ಇವೆರಡನ್ನೂ ಬಲ್ಲವರು ಬಹಳ. ಆದರೆ ಆತನ ಬದುಕಿನ ಹೆಚ್ಚಿನ ಭಾಗ ಕಳೆದದ್ದು ನಡಿಗೆಯಲ್ಲೂ ಅಲ್ಲ, ಜಗಳದಲ್ಲೂ ಅಲ್ಲ. ಜಮೀನು ಪಡೆಯುವುದರಲ್ಲಿ, ಬೆಳೆಸುವುದರಲ್ಲಿ, ಮಾರುವುದರಲ್ಲಿ. ಈ ಊರಿನಲ್ಲಿ ವಾಸಿಸುವ ನಾವು ಇಂದಿಗೂ ತುಳಿಯುತ್ತಿರುವುದು ಆ ಮೂರನೆಯ ಗ್ರೋಗನ್‌ನ ಹೆಜ್ಜೆಗಳನ್ನು.

ನಾನು ವೃತ್ತಿಯಿಂದ ವೈದ್ಯ, ಚರಿತ್ರೆಕಾರನಲ್ಲ. ವಾಸ ಕಿಲಿಮಾನಿಯಲ್ಲಿ. ಕಿಸ್ವಾಹಿಲಿಯಲ್ಲಿ ಕಿಲಿಮಾ ಎಂದರೆ ಗುಡ್ಡ. ಕಿಲಿಮಾನಿ ಎಂದರೆ ಗುಡ್ಡದ ಮೇಲೆ. ಒಂದು ಕಾಲಕ್ಕೆ ಬಿಳಿಯರ ಬಂಗಲೆಗಳೂ ವಿಶಾಲವಾದ ತೋಟಗಳೂ ಇದ್ದ ಈ ಬಡಾವಣೆಯಲ್ಲಿ ಈಗ ಬಂಗಲೆಗಳನ್ನು ಕೆಡವಿ ಹತ್ತು ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿದ್ದಾರೆ. ಅಂತಹ ಪ್ರತಿಯೊಂದು ಕಟ್ಟಡದ ಅಡಿಯಲ್ಲಿಯೂ ಒಂದು ಮೂಲ ಪತ್ರವಿದೆ. ಮನೆ ಕೊಳ್ಳುವಾಗ ವಕೀಲರು ತಂದುಕೊಟ್ಟ ಅಂತಹ ಒಂದು ಕಡತವನ್ನು ಓದತೊಡಗಿದ ಮೇಲೆ ನನಗೆ ಈ ಕಾಗದಗಳ ರುಚಿ ಹತ್ತಿತು. ರೋಗಿಯ ಹಳೆಯ ಕೇಸ್ ಷೀಟುಗಳನ್ನು ತಿರುವಿ ಹಾಕುವ ಅಭ್ಯಾಸವಿದ್ದವನಿಗೆ ಇದು ತೀರ ಅಪರಿಚಿತ ಕೆಲಸವಲ್ಲ. ದಿನಾಂಕ, ಸಹಿ, ಬಿಟ್ಟುಹೋದ ಸಾಲು, ಇದ್ದಕ್ಕಿದ್ದಂತೆ ಬದಲಾದ ಕೈಬರಹ: ಎರಡು ಕಡೆಯೂ ನೋಡಬೇಕಾದದ್ದು ಇವನ್ನೇ.

ಕೀನ್ಯಾದ ಒಂದು ವಲಸಿಗ ಬಿಳಿಯ ಕುಟುಂಬವನ್ನು ಹುಡುಕಿ ಹೊರಟವನಿಗೆ ಮುಖ್ಯವಾಗಿ ಮೂರು ಬಗೆಯ ಕಾಗದಗಳು ಒದಗುತ್ತವೆ. ಭೂ ನೋಂದಣಿಯ ಕಡತ ಮೊದಲನೆಯದು. ಇದರಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಲ್.ಆರ್. ಸಂಖ್ಯೆ ಎಂಬುದು ನೆಲಕ್ಕೆ ಅಂಟಿಕೊಂಡದ್ದು, ನಮ್ಮ ಸರ್ವೆ ನಂಬರಿನಂತೆ, ಐ.ಆರ್. ಸಂಖ್ಯೆ ಆ ನೆಲದ ಹಕ್ಕುಪತ್ರಕ್ಕಾಗಿ ತೆರೆದ ಪುಟದ್ದು. ಆ ಪುಟದಲ್ಲಿ ಮಾರಾಟ, ಅಡಮಾನ, ವಾರಸಿಕೆ ಎಲ್ಲವೂ ಒಂದರ ಕೆಳಗೊಂದು ದಾಖಲಾಗುತ್ತಾ ಹೋಗುತ್ತವೆ. ಊರಿನಲ್ಲಿ ಪಹಣಿಗೂ ಋಣಭಾರ ಪತ್ರಕ್ಕೂ ಬೇರೆಬೇರೆ ಕಿಟಕಿಗಳ ಮುಂದೆ ಸರದಿ ನಿಂತವರಿಗೆ ಎಲ್ಲವೂ ಒಂದೇ ಪುಟದಲ್ಲಿರುವ ಈ ಏರ್ಪಾಡು ಅಚ್ಚರಿಯೆನಿಸೀತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಆರಂಭವಾದ ಟಾರೆನ್ಸ್ ಪದ್ಧತಿಯಿದು. 1919ರ ಹಕ್ಕುಪತ್ರ ನೋಂದಣಿ ಶಾಸನದ ಮೂಲಕ ಇಲ್ಲಿಗೆ ಬಂತು. ಎರಡನೆಯದು ಮರಣಾನಂತರ ಆಸ್ತಿಯನ್ನು ಯಾರು ವಹಿಸಿಕೊಳ್ಳಬೇಕೆಂದು ನ್ಯಾಯಾಲಯ ಕೊಡುವ ಪ್ರೊಬೇಟ್‌ನ ಕಡತ. ಮೂರನೆಯದು 1899ರಿಂದ ಪ್ರಕಟವಾಗುತ್ತಿರುವ ಸರ್ಕಾರಿ ಗೆಜೆಟ್. ಯಾರಾದರೂ ಸತ್ತಾಗ ಅವರ ಆಸ್ತಿಗೆ ಪ್ರೊಬೇಟ್ ಬೇಡಲಾಗಿದೆ, ತಕರಾರಿದ್ದವರು ಬನ್ನಿ ಎಂಬ ಪ್ರಕಟಣೆ ಅದರಲ್ಲಿ ಬರುತ್ತದೆ. ಕುಟುಂಬದ ಕೊಂಡಿಗಳು ಕಳಚಿದ ಕಡೆ ಮತ್ತೆ ಸೇರಿಸಿಕೊಡುವುದು ಬಹುಮಟ್ಟಿಗೆ ಈ ನಾಲ್ಕು ಸಾಲಿನ ಪ್ರಕಟಣೆಗಳೇ.

ಇಲ್ಲೊಂದು ಸಂಗತಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು. ಈ ಬಿಳಿಯರ ಜಮೀನಿನ ಕ್ರಯಪತ್ರಗಳು ಬರೆಯಲ್ಪಟ್ಟಿದ್ದು ಭಾರತದ ಕಾಯಿದೆಗಳ ಅಡಿಯಲ್ಲಿ. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ನಾವು ನಿವೇಶನ ಕೊಳ್ಳುವಾಗ ಅನ್ವಯವಾಗುವ 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಕೀನ್ಯಾದಲ್ಲಿ 2012ರವರೆಗೂ ಜಾರಿಯಲ್ಲಿತ್ತು. ಪ್ರೊಬೇಟ್‌ಗೆ ಸಂಬಂಧಿಸಿದ 1881ರ ಭಾರತೀಯ ಕಾಯಿದೆಯೂ ಬಹುಕಾಲ ಇಲ್ಲಿ ನಡೆಯಿತು. ಕೀನ್ಯಾದ ಸ್ವಂತ ವಾರಸಾ ಕಾಯಿದೆ ಜಾರಿಗೆ ಬಂದದ್ದು 1981ರಲ್ಲಿ. ಅಪರಾಧಗಳಿಗೆ ಭಾರತೀಯ ದಂಡಸಂಹಿತೆಯಿತ್ತು, 1930ರವರೆಗೆ. ನಾಣ್ಯವೂ ರೂಪಾಯಿಯೇ, 1920ರವರೆಗೆ. ಮುಂಬಯಿಯ ಸಮುದ್ರಮಾರ್ಗದ ಇನ್ನೊಂದು ದಡದಂತೆ ಈ ದೇಶವನ್ನು ಆಳಲಾಯಿತು. ಗ್ರೋಗನ್‌ನಂಥವರಿಗೆ ಇದು ಎಂದೂ ಹಿಡಿಸಲಿಲ್ಲ. ಬಿಳಿಯರನ್ನು ಭಾರತದ ಕಾನೂನಿನಿಂದ ಆಳುವುದೆಂದರೆ ಅವಮಾನವೆಂದು ವಲಸಿಗರ ಸಂಘ ಮತ್ತೆ ಮತ್ತೆ ದೂರುತ್ತಿತ್ತು.

ಗ್ರೋಗನ್ ಹುಟ್ಟಿದ್ದು 1874ರ ಡಿಸೆಂಬರ್ 12ರಂದು, ಲಂಡನ್ನಿನ ಅನುಕೂಲಸ್ಥ ಮನೆತನದಲ್ಲಿ; 21 ಮಕ್ಕಳಲ್ಲಿ ಹದಿನಾಲ್ಕನೆಯವನು. ಅಷ್ಟು ಮಕ್ಕಳಿರುವ ಮನೆಯಲ್ಲಿ ಪಿತ್ರಾರ್ಜಿತ ಆಸ್ತಿಯ ಪಾಲು ಎಷ್ಟು ಬಂದೀತೆಂಬುದನ್ನು ಒಕ್ಕಲು ಮನೆತನದಿಂದ ಬಂದ ನಮ್ಮಂಥವರಿಗೆ ವಿವರಿಸಬೇಕಿಲ್ಲ. ಜಮೀನಿನ ಬಗ್ಗೆ ಆತನಿಗಿದ್ದ ಹಸಿವಿನ ಬೇರನ್ನು ನಾನು ಇಲ್ಲಿಯೂ ಕಾಣುತ್ತೇನೆ. ವಿಂಚೆಸ್ಟರ್ ಶಾಲೆಯಿಂದಲೂ ಕೇಂಬ್ರಿಜ್‌ನಿಂದಲೂ ಪುಂಡಾಟಕ್ಕಾಗಿ ಹೊರಬಿದ್ದ. 1896ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಮಾಟಬೆಲೆ ಯುದ್ಧದಲ್ಲಿ ಸೇರಿಕೊಂಡ. ಆರೋಗ್ಯ ಕೆಟ್ಟು, ಸುಧಾರಿಸಿಕೊಳ್ಳಲೆಂದು ನ್ಯೂಜಿಲ್ಯಾಂಡಿಗೆ ಹೋದಾಗ ಸ್ನೇಹಿತನ ತಂಗಿ ಗರ್ಟ್ರೂಡ್ ವಾಟ್‌ಳನ್ನು ಕಂಡು ಮೆಚ್ಚಿದ. ಆಕೆಯ ಮಲತಂದೆಗೆ ಈ ಹುಡುಗ ನೆಚ್ಚಿಕೆಗೆ ಅರ್ಹನೆನಿಸಲಿಲ್ಲ. ತನ್ನ ಯೋಗ್ಯತೆಯನ್ನು ತೋರಿಸಲೆಂದು ಗ್ರೋಗನ್ ಕೇಪ್‌ನಿಂದ ಕೈರೋವರೆಗೆ ಖಂಡವನ್ನು ದಾಟುವ ಪಣ ತೊಟ್ಟನೆಂಬುದು ಪ್ರಸಿದ್ಧ ಕಥೆ. 1898ರಲ್ಲಿ ಬೈರಾ ಬಂದರಿನಿಂದ ಗರ್ಟ್ರೂಡಳ ಬಂಧು ಆರ್ಥರ್ ಶಾರ್ಪ್‌ನೊಡನೆ ಉತ್ತರಕ್ಕೆ ಹೊರಟ. ಶಾರ್ಪ್ ನಡುವೆಯೇ ಹಿಂದಿರುಗಿದ ಮೇಲೆ ಹಮಾಲರೊಡನೆ ಮುಂದುವರಿದ. ನ್ಯಾಸಾ, ಟಾಂಗಾನಿಕಾ, ಕಿವು ಸರೋವರಗಳನ್ನು ದಾಟಿ, ಮಲೇರಿಯಾದಲ್ಲಿ ಬೇಯುತ್ತಾ, ನೈಲ್ ನದಿಯ ಜವುಗು ನೆಲವನ್ನು ಹಾದು 1900ರ ಆರಂಭದಲ್ಲಿ ಕೈರೋ ಮುಟ್ಟಿದ. ಅದೇ ವರ್ಷ ಮದುವೆಯಾಯಿತು, ಪ್ರವಾಸದ ಪುಸ್ತಕವೂ ಬಂತು. ಹಮಾಲರ ಹೊರೆಯಿಲ್ಲದೆ ಆ ನಡಿಗೆಯಿಲ್ಲವೆಂಬುದು ಕಥೆ ಹೇಳುವಾಗ ಸುಲಭವಾಗಿ ಮರೆತುಹೋಗುವ ಮಾತು.

1904ರಲ್ಲಿ ಗ್ರೋಗನ್ ಪೂರ್ವ ಆಫ್ರಿಕಾಕ್ಕೆ ಬಂದಾಗ ಉಗಾಂಡಾ ರೈಲು ಹಾಕಿ ಮುಗಿದು ಮೂರು ವರ್ಷವಾಗಿತ್ತು. ರೈಲಿಗೆ ಖರ್ಚಾದ ಹಣ ಹಿಂದಿರುಗಬೇಕಾದರೆ ಸರಕು ಬೇಕು, ಸರಕಿಗೆ ಬೆಳೆಗಾರರು ಬೇಕು ಎಂಬ ಲೆಕ್ಕದಲ್ಲಿ ಸರ್ಕಾರ ಬಿಳಿಯರನ್ನು ಕರೆದು ನೆಲ ಹಂಚುತ್ತಿತ್ತು. 1902ರ ಕ್ರೌನ್ ಜಮೀನು ಶಾಸನದ ಪ್ರಕಾರ 99 ವರ್ಷಗಳ ಗುತ್ತಿಗೆ ಸಿಗುತ್ತಿತ್ತು. 1915ರ ಶಾಸನ ಅದನ್ನು 999 ವರ್ಷಕ್ಕೆ ಏರಿಸಿತು. ಹಂಚಲು ಸರ್ಕಾರಕ್ಕೆ ಆ ನೆಲ ಎಲ್ಲಿಂದ ಬಂತು? ಖಾಲಿಯಾಗಿ ಕಂಡದ್ದನ್ನೆಲ್ಲ ರಾಜನ ಆಸ್ತಿಯೆಂದು ಕರೆದುಕೊಂಡದ್ದರಿಂದ ಬಂತು. ದನಗಳನ್ನು ಅಟ್ಟಿಕೊಂಡು ಋತುವಿಗೆ ತಕ್ಕಂತೆ ಸಂಚರಿಸುವ ಮಸಾಯಿ ಜನ ಒಂದು ಹುಲ್ಲುಗಾವಲನ್ನು ಬೀಡು ಬಿಡುವುದು ಅದು ಮತ್ತೆ ಚಿಗುರಲೆಂದು. ಸರ್ವೆಯವರ ಕಣ್ಣಿಗೆ ಅದು ಯಾರದೂ ಅಲ್ಲದ ನೆಲ. ಗ್ರೋಗನ್ ಬಂದ ವರ್ಷವೇ, 1904ರಲ್ಲಿ, ಒಪ್ಪಂದವೆಂಬ ಹೆಸರಿನಲ್ಲಿ ಮಸಾಯಿಗಳನ್ನು ರಿಫ್ಟ್ ಕಣಿವೆಯಿಂದ ಕದಲಿಸಲಾಯಿತು. 1911ರಲ್ಲಿ ಮತ್ತೊಮ್ಮೆ ಅವರನ್ನು ಲೈಕಿಪಿಯಾದಿಂದಲೂ ಎಬ್ಬಿಸುವ ಒಪ್ಪಂದವಾಯಿತು. ಭೂ ನೋಂದಣಿಯ ಪುಟದಲ್ಲಿ ಈ ಕಥೆಯಿಲ್ಲ. ಆ ಪುಟದ ಮೊದಲ ಸಾಲಿನಲ್ಲಿ ಕೊಡುವವನು ಕ್ರೌನ್, ಕೊಳ್ಳುವವನು ವಲಸಿಗ. ಅದಕ್ಕೂ ಹಿಂದಿನ ಸಾಲು ಎಂಬುದು ಇಲ್ಲವೇ ಇಲ್ಲ. ಹುಟ್ಟಿನ ವಿವರವಿಲ್ಲದೆ ನಲವತ್ತನೆಯ ವಯಸ್ಸಿನಿಂದ ಆರಂಭವಾಗುವ ಕೇಸ್ ಷೀಟಿನಂತೆ.

ಗ್ರೋಗನ್ ಮೊದಲು ಕಣ್ಣು ಹಾಕಿದ್ದು ಮರದ ಮೇಲೆ. ಫ್ರಾಂಕ್ ಲಿಂಗ್‌ಹ್ಯಾಮ್ ಎಂಬ ಪಾಲುದಾರನೊಡನೆ ಎಲ್ಡಾಮಾ ರವೈನ್ ಕಡೆಯ ವಿಶಾಲ ಅರಣ್ಯದಲ್ಲಿ ಮರ ಕಡಿಯುವ ಹಕ್ಕನ್ನು ಬೇಡಿದ. ಸಾಗಿಸಲು ಮೊಂಬಾಸಾದ ಕಿಲಿಂಡಿನಿಯ ಎಂಬರಾಕಿಯಲ್ಲಿ ಸಮುದ್ರದಂಡೆಯ ಜಮೀನನ್ನೂ ಪಡೆದ. ಮರದ ಹಕ್ಕಿನ ಷರತ್ತುಗಳ ಬಗ್ಗೆ ಸರ್ಕಾರದೊಡನೆ ನಡೆದ ಜಗ್ಗಾಟ ವರ್ಷಗಟ್ಟಲೆ ಎಳೆಯಿತು. ಆದರೆ ದಂಡೆಯ ನೆಲ ಸುಮ್ಮನಿದ್ದುಕೊಂಡೇ ಬೆಲೆ ಬೆಳೆಸಿಕೊಂಡಿತು. 1920ರ ದಶಕದಲ್ಲಿ ಬಂದರನ್ನು ವಿಸ್ತರಿಸಹೊರಟ ಸರ್ಕಾರ ತಾನೇ ಗುತ್ತಿಗೆ ಕೊಟ್ಟಿದ್ದ ಆ ಜಾಗವನ್ನು ಗ್ರೋಗನ್‌ನಿಂದ ಭಾರಿ ಬೆಲೆಗೆ ಹಿಂದಕ್ಕೆ ಕೊಳ್ಳಬೇಕಾಯಿತು. ಆತನ ಜಾಣತನದ ಬಗ್ಗೆ ನನಗೆ ಎರಡು ಅಭಿಪ್ರಾಯವಿಲ್ಲ. ಊರು ಯಾವ ದಿಕ್ಕಿಗೆ ಬೆಳೆಯುತ್ತದೆಂಬುದನ್ನು ಅವನಷ್ಟು ಮುಂಚಿತವಾಗಿ ಕಂಡವರು ಕಡಿಮೆ. ನೈರೋಬಿ ನದಿಯ ಜೌಗು ನೆಲವನ್ನು ಇತರರು ಮೂಗು ಮುಚ್ಚಿಕೊಂಡು ದಾಟುತ್ತಿದ್ದಾಗ ಅವನು ಕೊಂಡ. ಆ ಕಡೆಯ ರಸ್ತೆಗೆ ಅವನ ಹೆಸರೇ ನಿಂತಿತು. ಇಂದಿನ ಕಿರಿನ್ಯಾಗಾ ರಸ್ತೆಯನ್ನು, ಗ್ಯಾರೇಜುಗಳೂ ಬಿಡಿಭಾಗದ ಅಂಗಡಿಗಳೂ ತುಂಬಿದ ಆ ಬೀದಿಯನ್ನು, ಹಳಬರು ಈಗಲೂ ಗ್ರೋಗನ್ ಎನ್ನುತ್ತಾರೆ. 1905ರ ಹೊತ್ತಿಗೆ ಸ್ಕಾಟ್ಲೆಂಡಿನಿಂದ ಟ್ರೌಟ್ ಮೀನಿನ ಮೊಟ್ಟೆಗಳನ್ನು ತರಿಸಿ ಅಬರ್ಡೇರ್ ಬೆಟ್ಟಗಳ ಗೂರಾ ಹೊಳೆಗೆ ಬಿಟ್ಟವನೂ ಅವನೇ. ಆ ಸಂತತಿ ಈಗಲೂ ಇದೆ.

ನೈರೋಬಿಯಲ್ಲಿ ಗ್ರೋಗನ್ ಕಟ್ಟಿಸಿದ ಮನೆಯ ಹೆಸರು ಚಿರೋಮೋ. ತನ್ನ ಮಹಾಯಾನದಲ್ಲಿ ಕಂಡಿದ್ದ, ಇಂದಿನ ಮಲಾವಿಯಲ್ಲಿ ಶಿರೆ ಮತ್ತು ರುವೊ ನದಿಗಳು ಕೂಡುವ ಊರಿನ ಹೆಸರದು. ಕೈ ಬದಲಾಯಿಸುತ್ತಾ ಬಂದ ಆ ಎಸ್ಟೇಟು ಈಗ ನೈರೋಬಿ ವಿಶ್ವವಿದ್ಯಾಲಯದ ಚಿರೋಮೋ ಕ್ಯಾಂಪಸ್. ಇಲ್ಲಿನ ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷ ಅಂಗರಚನಾಶಾಸ್ತ್ರ ಕಲಿಯುವುದು ಅಲ್ಲೇ. ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಅನೇಕರು ಮೊದಲ ಬಾರಿ ಕತ್ತಿ ಹಿಡಿದದ್ದು ಗ್ರೋಗನ್‌ನ ಹಳೆಯ ಅಂಗಳದಲ್ಲಿ. ಅವರಿಗೆ ಚಿರೋಮೋ ಎಂದರೆ ಫಾರ್ಮಲಿನ್ ವಾಸನೆ, ಅಷ್ಟೇ.

1907ರ ಮಾರ್ಚ್ 14ರ ಸಂಗತಿಯನ್ನು ಬಿಟ್ಟು ಈ ಜೀವನವನ್ನು ಬರೆಯಲಾಗದು. ಗ್ರೋಗನ್ ಆಗ ವಲಸಿಗರ ಸಂಘದ ಅಧ್ಯಕ್ಷ. ರಿಕ್ಷಾ ಎಳೆಯುವ ಮೂವರು ತನ್ನ ಸೋದರಿಯೊಡನೆಯೂ ಆಕೆಯ ಗೆಳತಿಯೊಡನೆಯೂ ಅವಿಧೇಯವಾಗಿ ನಡೆದುಕೊಂಡರೆಂದು ಆರೋಪಿಸಿ, ಅವರನ್ನು ಊರಿನ ನ್ಯಾಯಾಲಯದ ಮುಂದಿನ ಬಯಲಿಗೆ ತಂದು, ನೆರೆದ ಬಿಳಿಯರ ಗುಂಪಿನ ಎದುರು ನೀರಾನೆಯ ಚರ್ಮದ ಚಾವಟಿಯಿಂದ ತಾನೇ ಹೊಡೆದ. ತಡೆಯಲು ಬಂದ ಮ್ಯಾಜಿಸ್ಟ್ರೇಟನ ಮಾತನ್ನು ಕೇಳಲಿಲ್ಲ. ಕಿಬೋಕೊ ಎನ್ನುವ ಆ ಚಾವಟಿಯ 25 ಏಟುಗಳೆಂದರೆ ಬೆನ್ನಿಗೆ ಏನಾಗುತ್ತದೆಂಬುದನ್ನು ವೈದ್ಯನಾದವನು ಊಹಿಸಬಲ್ಲ: ಚರ್ಮ ಒಡೆಯುತ್ತದೆ, ಕೆಳಗಿನ ಸ್ನಾಯು ಜಜ್ಜಿಹೋಗುತ್ತದೆ, ಔಷಧಿಯಿಲ್ಲದ ಆ ಕಾಲದಲ್ಲಿ ಕೀವಾದರೆ ಜೀವಕ್ಕೂ ಅಪಾಯ. ವಿಚಾರಣೆ ನಡೆಯಿತು. ಭಾರತೀಯ ದಂಡಸಂಹಿತೆಯ ಪ್ರಕಾರ ಗ್ರೋಗನ್ ಮೇಲೆ ಸಾಬೀತಾದ ಅಪರಾಧ ಕಾನೂನುಬಾಹಿರವಾಗಿ ಗುಂಪುಗೂಡಿದ್ದು. ಶಿಕ್ಷೆ ಒಂದು ತಿಂಗಳ ಸಜೆ, 500 ರೂಪಾಯಿ ದಂಡ. ಸಜೆ ಕಳೆದದ್ದು ಸಾಮಾನ್ಯ ಜೈಲಿನಲ್ಲಲ್ಲ. ನೈರೋಬಿ ಗುಡ್ಡದ ಮೇಲಿನ ಒಂದು ಮನೆಯನ್ನೇ ಅವನಿಗೂ ಸಂಗಡಿಗರಿಗೂ ಸೆರೆಮನೆಯನ್ನಾಗಿ ಮಾಡಲಾಯಿತು. ಲಂಡನ್ನಿನ ಸಂಸತ್ತಿನಲ್ಲಿಯೂ ಪ್ರಶ್ನೆಗಳೆದ್ದವು. ಗ್ರೋಗನ್‌ನ ಪ್ರತಿಷ್ಠೆಗೆ ಇಲ್ಲಿನ ಬಿಳಿಯರ ನಡುವೆ ಕುಂದೇನೂ ಬರಲಿಲ್ಲ. ಹೊಡೆಸಿಕೊಂಡವರನ್ನು ಕಥೆ ಹೇಳುವವರೆಲ್ಲರೂ ಮೂವರು ಎಂದು ಎಣಿಸಿ ಮುಂದೆ ಸಾಗುತ್ತಾರೆ. ಆಸ್ತಿಯಿಲ್ಲದವನು ಭೂ ನೋಂದಣಿಯಲ್ಲಿ ಸಿಗುವುದಿಲ್ಲ. ಬಿಟ್ಟುಹೋಗಲು ಏನೂ ಇಲ್ಲದವನ ಹೆಸರು ಪ್ರೊಬೇಟ್ ಪ್ರಕಟಣೆಯಲ್ಲಿಯೂ ಬರುವುದಿಲ್ಲ. ಇದನ್ನು ಬರೆಯುವಾಗ ನನಗೆ ಅತ್ಯಂತ ಕಸಿವಿಸಿಯಾಗುವುದು ಇಲ್ಲಿ: ನಾನು ನಂಬಿರುವ ಕಾಗದಗಳು ಹೊಡೆದವನನ್ನು 60 ವರ್ಷ ಬಿಡದೆ ಹಿಂಬಾಲಿಸುತ್ತವೆ, ಹೊಡೆಸಿಕೊಂಡವರನ್ನು ಆ ಬಯಲಿನಲ್ಲೇ ಬಿಟ್ಟುಬಿಡುತ್ತವೆ.

ಭಾರತೀಯರ ವಿಷಯದಲ್ಲಿಯೂ ಗ್ರೋಗನ್ ಮತ್ತು ಆತನ ಸಂಗಡಿಗರ ನಿಲುವು ಸ್ಪಷ್ಟವಾಗಿತ್ತು. ರೈಲು ಹಾಕಲು, ಅಂಗಡಿ ತೆರೆಯಲು, ಲೆಕ್ಕ ಬರೆಯಲು ಭಾರತೀಯರು ಬೇಕಿತ್ತು; ಎತ್ತರದ ತಂಪು ಪ್ರದೇಶದಲ್ಲಿ ಅವರಿಗೆ ಜಮೀನು ಕೂಡದು. 1908ರಲ್ಲಿ ಲಾರ್ಡ್ ಎಲ್ಗಿನ್ ಅದನ್ನೇ ಸರ್ಕಾರದ ನೀತಿಯನ್ನಾಗಿ ಮಾಡಿದ. 1915ರ ಶಾಸನ ಒಂದು ಜನಾಂಗದವರಿಂದ ಇನ್ನೊಂದು ಜನಾಂಗದವರಿಗೆ ನೆಲ ಹೋಗುವುದನ್ನು ತಡೆಯುವ ಅಧಿಕಾರವನ್ನು ಗವರ್ನರನಿಗೆ ಕೊಟ್ಟಿತು. ಗ್ರೋಗನ್ ಸದಸ್ಯನಾಗಿದ್ದ ಆರ್ಥಿಕ ಆಯೋಗ 1919ರಲ್ಲಿ ಕೊಟ್ಟ ವರದಿ, ಭಾರತೀಯರ ಇರುವಿಕೆಯೇ ಆಫ್ರಿಕನ್ನರ ನೈತಿಕತೆಗೆ ಹಾನಿಯೆಂದು ವಾದಿಸಿತು. ನೈರೋಬಿಯ ಮಾರುಕಟ್ಟೆಯನ್ನೇ ಕಟ್ಟಿದ ಅಲಿಭಾಯಿ ಮುಲ್ಲಾ ಜೀವನ್‌ಜಿಯಂಥವರು ಇದರ ವಿರುದ್ಧ ದನಿಯೆತ್ತಿದರು. 1923ರ ಡೆವನ್‌ಷೈರ್ ಶ್ವೇತಪತ್ರ ಇಬ್ಬರನ್ನೂ ಪಕ್ಕಕ್ಕಿಟ್ಟು ಆಫ್ರಿಕನ್ನರ ಹಿತವೇ ಮೊದಲೆಂದಿತಾದರೂ ಎತ್ತರದ ಭೂಮಿಯನ್ನು ಬಿಳಿಯರಿಗೇ ಉಳಿಸಿತು. ನಗರದ ಒಳಗೂ ಇದೇ ಗೆರೆ. ಬಿಳಿಯರ ಬಡಾವಣೆಗಳ ಹಕ್ಕುಪತ್ರಗಳಲ್ಲಿ, ಮನೆಗೆಲಸದ ಆಳುಗಳಾಗಿ ಹೊರತು ಏಷ್ಯನ್ನರಾಗಲಿ ಆಫ್ರಿಕನ್ನರಾಗಲಿ ಇಲ್ಲಿ ವಾಸಿಸಕೂಡದೆಂಬ ಷರತ್ತನ್ನು ಸೇರಿಸಲಾಗುತ್ತಿತ್ತು. ಇಂದು ಕಿಲಿಮಾನಿಯ ಲಿಫ್ಟುಗಳಲ್ಲಿ ಗುಜರಾತಿ, ಪಂಜಾಬಿ, ಒಮ್ಮೊಮ್ಮೆ ಕನ್ನಡವೂ ಕೇಳುತ್ತದೆ. ಇದೇ ನೆಲದ ಹಳೆಯ ಪತ್ರಗಳಲ್ಲಿ ನಮಗೆ ಪ್ರವೇಶವಿದ್ದದ್ದು ಹಿತ್ತಿಲ ಕೊಠಡಿಗೆ ಮಾತ್ರ, ಮತ್ತು ಆ ನಿರ್ಬಂಧಕ್ಕೆ ಕಾನೂನಿನ ಚೌಕಟ್ಟು ಒದಗಿಸಿದ್ದು ಭಾರತದಿಂದ ಬಂದ ಕಾಯಿದೆಯೇ.

ಮೊದಲ ಮಹಾಯುದ್ಧದಲ್ಲಿ ಗ್ರೋಗನ್ ಬೇಹುಗಾರಿಕೆಯ ಕೆಲಸ ಮಾಡಿ ಪದಕ ಪಡೆದ. 1928ರಲ್ಲಿ ಇಂದಿನ ಕೀನ್ಯಾಟ್ಟಾ ಅವೆನ್ಯೂವಿನಲ್ಲಿ ಟಾರ್ಸ್ ಹೋಟೆಲನ್ನು ಕಟ್ಟಿಸಿದ. ನಗರದ ಮೋಜಿನ ಕೇಂದ್ರವಾಗಿದ್ದ ಅದು ಮುಂದೆ ಬ್ಯಾಂಕಾಯಿತು. ಶಾಸಕಾಂಗ ಸಭೆಯಲ್ಲಿ ಮಾತಿನ ಮಲ್ಲನೆನಿಸಿಕೊಂಡ. ಇವನ್ನೆಲ್ಲ ಆತನ ಜೀವನಚರಿತ್ರೆಗಳು ಚೆನ್ನಾಗಿಯೇ ಹೇಳುತ್ತವೆ.

ಗರ್ಟ್ರೂಡ್ ಬಗ್ಗೆ ಕಾಗದಗಳು ಹೇಳುವುದು ಕಡಿಮೆ. ಪತಿಯ ಕೀರ್ತಿಗೂ ಅಪಕೀರ್ತಿಗೂ ನೆರಳಾಗಿದ್ದ ಆಕೆ ನಾಲ್ವರು ಹೆಣ್ಣುಮಕ್ಕಳ ತಾಯಿ. ಹೆಣ್ಣುಮಕ್ಕಳಿರುವ ವಲಸಿಗ ಕುಟುಂಬವನ್ನು ಹುಡುಕುವವನಿಗೆ ಇಲ್ಲಿಯೇ ತೊಡಕು: ಮದುವೆಯಾದೊಡನೆ ಹೆಸರು ಬದಲಾಗುತ್ತದೆ, ನೋಂದಣಿಯ ಸೂಚಿಯಲ್ಲಿ ಮನೆತನ ಇದ್ದಕ್ಕಿದ್ದಂತೆ ನಿಂತುಹೋದಂತೆ ಕಾಣುತ್ತದೆ. ಇಂತಹ ಕಡೆ ಕೈ ಹಿಡಿಯುವುದು ಉಯಿಲು. ಅದರಲ್ಲಿ ಮಾತ್ರ ಮಗಳು ಇಂಥವನ ಹೆಂಡತಿಯೆಂದು ಬಿಡಿಸಿ ಬರೆದಿರುತ್ತದೆ. ಗರ್ಟ್ರೂಡ್ 1943ರಲ್ಲಿ ತೀರಿಕೊಂಡಳು. ನಾಲ್ಕು ವರ್ಷಗಳ ಮೇಲೆ, 1947ರಲ್ಲಿ, ಗ್ರೋಗನ್ ಆಕೆಯ ನೆನಪಿಗಾಗಿ ಮುತೈಗಾದಲ್ಲಿ ಮಕ್ಕಳ ಆಸ್ಪತ್ರೆಗೆ ನೆಲ ಕೊಟ್ಟ. ಗರ್ಟ್ರೂಡಳ ತೋಟವೆಂಬ ಹೆಸರಿನ ಆ ಆಸ್ಪತ್ರೆ ಇಂದು ಪೂರ್ವ ಆಫ್ರಿಕಾದ ಹೆಸರಾಂತ ಮಕ್ಕಳ ಆಸ್ಪತ್ರೆಗಳಲ್ಲೊಂದು. ಉಸಿರಾಟದ ತೊಂದರೆಯಿಂದ ನೀಲಿಗಟ್ಟಿದ ಕೂಸುಗಳನ್ನು ನಾನೂ ಅಲ್ಲಿಗೆ ಕಳಿಸಿದ್ದೇನೆ. ನಗುತ್ತಾ ಮನೆಗೆ ಹೋದದ್ದನ್ನು ಕಂಡಿದ್ದೇನೆ. ಇದರಿಂದ ಹಳೆಯ ಲೆಕ್ಕ ಚುಕ್ತಾ ಆಯಿತೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಬಯಲಿನಲ್ಲಿ ಬಿದ್ದ ಏಟು ಒಂದು ಖಾತೆಯಲ್ಲಿದೆ, ಈ ತೊಟ್ಟಿಲುಗಳು ಇನ್ನೊಂದರಲ್ಲಿ. ಒಂದರ ಬಾಕಿಯನ್ನು ಇನ್ನೊಂದರಿಂದ ತೀರಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಕೊನೆಯ ದಶಕಗಳಲ್ಲಿ ಗ್ರೋಗನ್‌ನ ಮನಸ್ಸು ನೆಟ್ಟದ್ದು ತವೆಟಾದಲ್ಲಿ. ಕಿಲಿಮಂಜಾರೋದ ತಪ್ಪಲಿನ ಬುಗ್ಗೆಗಳ ನೀರನ್ನು ಕಾಲುವೆಗಳಲ್ಲಿ ಹರಿಸಿ ಒಣ ನೆಲವನ್ನು ಹಸಿರು ಮಾಡಿದ. ಕತ್ತಾಳೆಯ ಎಸ್ಟೇಟು ಬೆಳೆಸಿದ. ಗಿರಿಗಾನ್ ಗುಡ್ಡದ ಮೇಲೆ ಒಂದು ವಿಚಿತ್ರವಾದ ಕೋಟೆಯಂತಹ ಮನೆಯನ್ನು 1930ರ ದಶಕದಲ್ಲಿ ಕಟ್ಟಿಸಿದ. ಮನೆ ಈಗಲೂ ನಿಂತಿದೆ. ಆ ವಿಶಾಲ ಜಮೀನುಗಳು ಕೈ ಬದಲಾಯಿಸಿದರೂ ಸುತ್ತಲಿನ ತೈತಾ ಮತ್ತು ತವೆಟಾ ಜನರಲ್ಲಿ ನೆಲವಿಲ್ಲದವರ ಬೇಡಿಕೆ ತಣ್ಣಗಾಗಿಲ್ಲ. ಪ್ರತಿ ಚುನಾವಣೆಯಲ್ಲೂ ಅದು ಎದ್ದು ನಿಲ್ಲುತ್ತದೆ. 1950ರ ದಶಕದ ಮೌ ಮೌ ಬಂಡಾಯ ಎದ್ದದ್ದೂ ನೆಲದ ಪ್ರಶ್ನೆಯಿಂದಲೇ. ಆಗ ಎಂಬತ್ತರ ಅಂಚಿನಲ್ಲಿದ್ದ ಗ್ರೋಗನ್ ಅದನ್ನು ನಿರ್ದಯವಾಗಿ ಹತ್ತಿಕ್ಕಬೇಕೆಂದು ವಾದಿಸಿದವರಲ್ಲಿ ಒಬ್ಬ. ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರ್ 12ರಂದು. ಅಂದು ಗ್ರೋಗನ್‌ಗೆ 89 ತುಂಬಿತು. 1967ರ ಆಗಸ್ಟಿನಲ್ಲಿ, ತನ್ನ ನಡಿಗೆಗೆ ಹೆಸರು ಕೊಟ್ಟ ಕೇಪ್ ಟೌನಿನಲ್ಲಿಯೇ, ಆತ ತೀರಿಕೊಂಡ.

ಒಂದು ದೇಶದಲ್ಲಿ ಸತ್ತು ಇನ್ನೊಂದರಲ್ಲಿ ಆಸ್ತಿ ಬಿಟ್ಟುಹೋಗುವವರ ಕಾಗದ ಹುಡುಕುವ ಕ್ರಮವನ್ನು, ಎರಡು ದೇಶಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಓದುಗರೂ ತಿಳಿದಿರುವುದು ಒಳ್ಳೆಯದು. ಒಂದು ದೇಶದ ಪ್ರೊಬೇಟ್ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ; ಕಾನೂನು ಅವಕಾಶ ಕೊಟ್ಟಿರುವ ಕಡೆ ಅಲ್ಲಿನ ನ್ಯಾಯಾಲಯದ ಮುದ್ರೆಯನ್ನು ಮತ್ತೆ ಹಾಕಿಸಬೇಕು, ಇಲ್ಲವಾದರೆ ಹೊಸದಾಗಿ ಪಡೆಯಬೇಕು. ಆದ್ದರಿಂದ ಒಬ್ಬನೇ ವಲಸಿಗನಿಗೆ ಎರಡು ಮೂರು ಕಡತಗಳಿರುವುದುಂಟು. ಇಂಗ್ಲೆಂಡಿನಲ್ಲಿ 1858ರಿಂದ ಈಚಿನ ಪ್ರೊಬೇಟುಗಳ ವಾರ್ಷಿಕ ಪಟ್ಟಿಯಿದೆ. ಸತ್ತವನ ಹೆಸರು, ಊರು, ದಿನ, ಯಾರಿಗೆ ಅಧಿಕಾರ ಹೋಯಿತು, ಆಸ್ತಿಯ ಮೌಲ್ಯವೆಷ್ಟು ಎಂಬಷ್ಟನ್ನು ಅದು ಕೊಡುತ್ತದೆ. ಅಲ್ಲಿಂದ ಆರಂಭಿಸಿ, ಕೀನ್ಯಾದ ಗೆಜೆಟ್ಟಿನ ಪ್ರಕಟಣೆಗೆ ಬಂದು, ಅದರಲ್ಲಿನ ಸಂಖ್ಯೆಯಿಂದ ನ್ಯಾಯಾಲಯದ ಕಡತಕ್ಕೆ ಹೋಗಿ, ಆ ಕಡತದಲ್ಲಿನ ಆಸ್ತಿಯ ಪಟ್ಟಿಯಿಂದ ಎಲ್.ಆರ್. ಸಂಖ್ಯೆಯನ್ನು ಬರೆದುಕೊಂಡರೆ ಭೂ ನೋಂದಣಿಯ ಬಾಗಿಲು ತೆರೆಯುತ್ತದೆ.

ಆ ಬಾಗಿಲು ಕಿಲಿಮಾನಿಗೆ ಹತ್ತಿರದಲ್ಲೇ, ಗುಡ್ಡದ ಮೇಲಿರುವ ಅರ್ಧಿ ಹೌಸ್‌ನಲ್ಲಿದೆ. 2021ರಿಂದ ನೈರೋಬಿಯ ದಾಖಲೆಗಳನ್ನು ಅರ್ಧಿಸಾಸಾ ಎಂಬ ಗಣಕ ವ್ಯವಸ್ಥೆಗೆ ಏರಿಸುತ್ತಿದ್ದಾರೆ. ಇಂದಿನ ಒಡೆಯನನ್ನು ತಿಳಿಯಲು ಅದು ಸಾಕು, ಹಳೆಯ ಕೈಗಳನ್ನು ತಿಳಿಯಬೇಕಾದರೆ ಕಾಗದದ ಕಡತವನ್ನೇ ಬೇಡಬೇಕು. ಕೇಳಿದ ಕಡತ ಒಂದೇ ಸಲಕ್ಕೆ ಸಿಕ್ಕರೆ ಅದು ಅದೃಷ್ಟ. ಗ್ರೋಗನ್‌ನ ಪೀಳಿಗೆ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಸಾಲುವಂತೆ ಬರೆಸಿಕೊಂಡ 999 ವರ್ಷಗಳ ಗುತ್ತಿಗೆಯನ್ನು 2010ರ ಸಂವಿಧಾನದ 65ನೆಯ ವಿಧಿ ಮೊಟಕುಗೊಳಿಸಿದೆ: ಕೀನ್ಯಾದ ಪ್ರಜೆಯಲ್ಲದವನು ಹಿಡಿದಿರುವ ಯಾವ ಜಮೀನೂ ಇನ್ನು 99 ವರ್ಷಗಳ ಗುತ್ತಿಗೆ ಮಾತ್ರ. ನನ್ನ ಫ್ಲ್ಯಾಟಿಗೂ ಅದೇ ನಿಯಮ.